ತವರಿನ ದಾರಿಯ ಕಾವಲು

2025ರ ಏಪ್ರಿಲ್ ಕೊನೆಯ ವಾರ ಅಟ್ಟಾರಿಯ ಗಡಿಯಿಂದ ಬಂದ ವರದಿಗಳನ್ನು ಓದುತ್ತಿದ್ದಾಗ ನನ್ನ ಮನಸ್ಸು ಪಂಜಾಬಿನಲ್ಲಿ ನಿಲ್ಲದೆ ಕಾರವಾರದ ಕಡೆಗೆ ಓಡಿತು. ವಾಚಕರು ಮನ್ನಿಸಬೇಕು, ಮುದುಕರ ಮನಸ್ಸು ಹಾಗೆಯೇ. ಆ ತಿಂಗಳ 22ರಂದು ಪಹಲ್ಗಾಮಿನಲ್ಲಿ 26 ಜನರ ಕೊಲೆಯಾಗಿತ್ತು. ಮರುದಿನವೇ ನಮ್ಮ ಸರ್ಕಾರ ಅಟ್ಟಾರಿಯ ಬಾಗಿಲನ್ನು ಮುಚ್ಚುವುದಾಗಿ ಸಾರಿತು. ಪಾಕಿಸ್ತಾನದವರ ವೀಸಾಗಳು ರದ್ದಾದವು. ಅಲ್ಲಿಗೆ ಮದುವೆಯಾಗಿ ಹೋಗಿ ತವರು ನೋಡಲು ಬಂದಿದ್ದ ಹೆಣ್ಣುಮಕ್ಕಳಲ್ಲಿ ಹಲವರ ಕೈಯಲ್ಲಿದ್ದುದು ಭಾರತದ ಪಾಸ್‌ಪೋರ್ಟು. ಅವರ ಮಕ್ಕಳದು ಪಾಕಿಸ್ತಾನದ್ದು. ಮಕ್ಕಳು ಹೋಗಬೇಕು, ತಾಯಿ ಹೋಗಕೂಡದು ಎಂದಾಯಿತು.

1959ರಲ್ಲಿ ನನಗೆ ಎಂಟು ವರ್ಷ. ಆಯಿಯ ತವರು ಗೋವೆಯ ಕಾಣಕೋಣ. ಗೋವೆ ಆಗ ಪೋರ್ಚುಗೀಸರ ವಶದಲ್ಲಿತ್ತು. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಅನಂತರ ಗಡಿ ಬಿಗಿಯಾಯಿತು. ನೆಂಟರ ಮನೆಯ ದಾರಿಗೆ ಪರವಾನಗಿ ಬೇಕಾಯಿತು. ಅಜ್ಜಿಗೆ ಕಾಯಿಲೆ ಎಂಬ ಸುದ್ದಿ ಬಂದ ಮೇಲೆ ಅದನ್ನು ಪಡೆಯಲು ತಿಂಗಳೊಂದು ಹಿಡಿಯಿತು.

ಕಾಳಿ ನದಿಗೆ ಆಗ ಸೇತುವೆ ಇರಲಿಲ್ಲ. ದೋಣಿಯಲ್ಲಿ ಸದಾಶಿವಗಡಕ್ಕೆ ದಾಟಿ, ಅಲ್ಲಿಂದ ಮಾಜಾಳಿಗೆ ಹೋದೆವು. ರಸ್ತೆಗೆ ಅಡ್ಡಲಾಗಿ ಮರದ ತೊಲೆ. ಅದರ ಬಳಿ ಬಂದೂಕಿನವರು. ಆಯಿ ಅಜ್ಜಿಗೆಂದು ಹೊತ್ತಿದ್ದ ಉಪ್ಪಿನಕಾಯಿಯ ಭರಣಿಯೊಳಗೆ ಒಬ್ಬ ಕಡ್ಡಿಯಿಳಿಸಿ ನೋಡಿದ. ನನಗೆ ನಗು ಬಂತು. ಆಯಿ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ತೊಲೆಯನ್ನು ದಾಟಿ ಪೋಳೆಂ ಕಡೆಗೆ ನಡೆದೆವು. ಬೇರೆ ದೇಶ ಎಲ್ಲಿ ಆರಂಭವಾಗುವುದೋ ಎಂದು ನಾನು ನೆಲವನ್ನೇ ನೋಡುತ್ತ ನಡೆದೆ. ಕೆಂಪು ಮಣ್ಣು ಎಲ್ಲಿಯೂ ಬಣ್ಣ ಬದಲಿಸಲಿಲ್ಲ.

ಮುಂದಿನ ತಪಾಸಣೆಯಲ್ಲಿ (ಯಾವ ಸರ್ಕಾರದ ಅಧಿಕಾರಿ ಎಂಬುದು ಇಲ್ಲಿ ಮುಖ್ಯವಲ್ಲ) ಪತ್ರದಲ್ಲಿ ನನ್ನ ಹೆಸರಿಲ್ಲವೆಂದು ಗೊತ್ತಾಯಿತು. ಬಾಯಿ ಹೋಗಬಹುದು, ಹುಡುಗ ಹಿಂತಿರುಗಲಿ ಎಂದರು. ಯಾರೊಡನೆ? ಆಯಿ ವಾದಿಸಲಿಲ್ಲ. ಭರಣಿಯನ್ನು ಆಚೆಗೆ ಹೊರಟಿದ್ದ ಅಪರಿಚಿತ ಹೆಂಗಸೊಬ್ಬಳ ಕೈಗಿತ್ತು, ಮನೆಯ ಗುರುತು ಹೇಳಿ, ನನ್ನೊಡನೆ ಬಂದ ದಾರಿಯನ್ನೇ ಹಿಡಿದಳು. ಅಜ್ಜಿ ಆ ಮಳೆಗಾಲದಲ್ಲಿ ತೀರಿಕೊಂಡಳು.

ಗಡಿಗೆ ಕಾವಲು ಬೇಡವೆಂದು ನಾನು ಹೇಳುತ್ತಿಲ್ಲ. ಪಹಲ್ಗಾಮಿನ ಅನಂತರ ಯಾರು ತಾನೆ ಹೇಳಿಯಾರು? ಆದರೆ ಅಟ್ಟಾರಿಯ ತಾಯಂದಿರನ್ನು ತಡೆದದ್ದು ಅವರ ಮೇಲಿನ ಸಂಶಯವಲ್ಲ, ಪೌರತ್ವದ ಲೆಕ್ಕ. 1955ರ ಪೌರತ್ವ ಕಾಯಿದೆಯಂತೆ, ಸ್ವಇಚ್ಛೆಯಿಂದ ಪರರಾಷ್ಟ್ರದ ಪೌರತ್ವ ಪಡೆದವರು ಭಾರತದ ಪೌರರಾಗಿ ಉಳಿಯುವುದಿಲ್ಲ. ಆದ್ದರಿಂದ ಗಂಡನ ಮನೆಯ ಪೌರತ್ವ ಪಡೆದರೆ ತವರಿಗೆ ವೀಸಾ ಬೇಕು. ತವರಿನದನ್ನು ಉಳಿಸಿಕೊಂಡರೆ ಮಕ್ಕಳಿರುವ ಮನೆಗೆ ವೀಸಾ ಬೇಕು. ನೆಮ್ಮದಿಯ ಕಾಲದಲ್ಲಿ ಇದು ಕಚೇರಿಯ ಅಲೆದಾಟ ಮಾತ್ರ. ಬಾಗಿಲು ಮುಚ್ಚಿದ ದಿನ ಅದೇ ತಾಯಿಮಕ್ಕಳನ್ನು ಎರಡು ಕಡೆ ನಿಲ್ಲಿಸುತ್ತದೆ. ಎಳೆಯ ಮಕ್ಕಳು ತಾಯಿಯೊಡನೆ ಇರತಕ್ಕದ್ದು ಎಂಬ ಒಂದು ಸಾಲನ್ನು ಎರಡೂ ಸರ್ಕಾರಗಳು ತಮ್ಮ ಆಜ್ಞೆಗಳಲ್ಲಿ ಮೊದಲೇ ಬರೆದಿಟ್ಟರೆ ರಕ್ಷಣೆಗೆ ಯಾವ ಕೊರತೆ ಬರುತ್ತದೆ?

1961ರ ಡಿಸೆಂಬರಿನಲ್ಲಿ ಗೋವೆ ವಿಮುಕ್ತವಾಯಿತು. ಮುಂದಿನ ಬೇಸಗೆಯಲ್ಲಿ ಆಯಿ ನನ್ನನ್ನು ಕಾಣಕೋಣಕ್ಕೆ ಕರೆದೊಯ್ದಳು. ದಾರಿಯಲ್ಲಿ ಯಾರೂ ಹೆಸರು ಕೇಳಲಿಲ್ಲ. ಅಡಿಗೆಮನೆಯ ನಾಗಂದಿಗೆಯ ಮೇಲೆ ನಮ್ಮ ಭರಣಿ ಇತ್ತು. ಮಾಮಿ ಅದನ್ನು ತೊಳೆದು ಬೋರಲು ಹಾಕಿದ್ದಳು.