ತೆಗೆದ ಕಾರ್ಡು ಎಲ್ಲಿ ಹೋಗುತ್ತದೆ?

ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಮಂದಿ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ‘ಸ್ಲೇ ದ ಸ್ಪೈರ್’ ಆಡ್ತೇವೆ. ಜಮಖಂಡಿಯವನೊಬ್ಬ, ಮುಧೋಳದವನೊಬ್ಬ, ಬೀಳಗಿಯವನೊಬ್ಬ, ಬನಹಟ್ಟಿಯವನೊಬ್ಬ. ಮೌಸ್ ಒಬ್ಬನ ಕೈಯಲ್ಲಿ, ಬುದ್ಧಿ ಹೇಳೋರು ಮೂರು ಮಂದಿ. ರಾಕ್ಷಸರ ಜೊತೆ ಹೊಡೆದಾಡುವಾಗ ನಮ್ಮಲ್ಲಿ ಜಗಳ ಆಗೋದಿಲ್ಲ. ಜಗಳ ಆಗೋದು ನಡುವೆ ಬರುವ ಅಂಗಡಿಯಲ್ಲಿ.

ಆ ಅಂಗಡಿಯಲ್ಲಿ ಹೊಸ ಕಾರ್ಡು ಕೊಳ್ಳಬಹುದು. ಇಲ್ಲವೇ ನಮ್ಮ ಹತ್ತಿರ ಇರುವ ಒಂದು ಕಾರ್ಡನ್ನು ಕಾಯಂ ಆಗಿ ತೆಗೆಸಬಹುದು. ಮೊದಲ ಸಲ ತೆಗೆಸೋಕೆ 75 ಚಿನ್ನ, ಆಮೇಲೆ ಪ್ರತಿ ಸಲಕ್ಕೂ 25 ಹೆಚ್ಚು.

“ಸ್ಟ್ರೈಕ್ ಒಂದು ತೆಗಸೂಣು.”

“ರೊಕ್ಕ ಕೊಟ್ಟು ಇದ್ದದ್ದನ್ನ ಕಳಕೊಳ್ಳೂದಾ? ತಲಿ ಐತಿಲ್ಲೋ ನಿನಗ?”

“ಇರ್ಲಿ ಬಿಡ್ಲೇ, ಎಲ್ಲೆರ ಉಪಯೋಗಕ್ಕ ಬರ್ತೈತಿ.”

ಈ “ಇರ್ಲಿ ಬಿಡ್ಲೇ” ಅನ್ನೋ ಮಾತಿನಿಂದ ನಾವು ಎಷ್ಟು ಆಟ ಸೋತಿದ್ದೇವೋ ಲೆಕ್ಕ ಇಟ್ಟಿಲ್ಲ. ಆದ್ದರಿಂದ ನಮ್ಮ ಮೊದಲ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೇವೆ: ಕಾರ್ಡು ಸೇರಿಸೋದಕ್ಕಿಂತ ತೆಗೆಯೋದು ದೊಡ್ಡ ಆಟ. ಎರಡನೆಯ ಅಭಿಪ್ರಾಯ ಸ್ವಲ್ಪ ತಡವಾಗಿ ಬರುತ್ತದೆ, ಯಾಕಂದ್ರೆ ಅದು ನಮಗೂ ತಡವಾಗಿಯೇ ಹೊಳೆಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಸ್ಪೀಟಿನಲ್ಲಿ ಎಲ್ಲರಿಗೂ ಅದೇ 52 ಎಲೆ. ಡೆಕ್ ಕಟ್ಟುವ ಆಟಗಳಲ್ಲಿ ಹಾಗಲ್ಲ. ಪ್ರತಿಯೊಬ್ಬನಿಗೂ ತನ್ನದೇ ಸಣ್ಣ ಕಟ್ಟು. ಆಡ್ತಾ ಆಡ್ತಾ ಅದಕ್ಕೆ ಒಳ್ಳೆಯ ಕಾರ್ಡು ಸೇರಿಸುತ್ತಾ ಹೋಗಬೇಕು. ಈ ಬಗೆಯ ಆಟಕ್ಕೆ ದಾರಿ ಹಾಕಿದ್ದು 2008ರಲ್ಲಿ ಬಂದ ‘ಡೊಮಿನಿಯನ್’. ಡೊನಾಲ್ಡ್ ಎಕ್ಸ್. ವ್ಯಾಕರಿನೊ ಅದರ ಕರ್ತೃ. ಅದು ಮೇಜಿನ ಮೇಲೆ ಆಡುವ ಆಟ. 2019ರಲ್ಲಿ ಪೂರ್ಣ ರೂಪದಲ್ಲಿ ಬಂದ ‘ಸ್ಲೇ ದ ಸ್ಪೈರ್’ ಅದೇ ಯೋಚನೆಯನ್ನು ಕಂಪ್ಯೂಟರಿಗೆ ತಂದು ಒಬ್ಬರೇ ಕೂತು ಆಡುವ ಹಾಗೆ ಮಾಡಿತು. ನಾವು ಒಬ್ಬರೇ ಆಡುವ ಆಟವನ್ನೂ ನಾಲ್ಕು ಮಂದಿ ಆಡ್ತೇವೆ, ಅದು ಬೇರೆ ಮಾತು.

ಸ್ಲೇ ದ ಸ್ಪೈರ್‌ನಲ್ಲಿ ಐರನ್‌ಕ್ಲ್ಯಾಡ್ ಅನ್ನುವ ಯೋಧ 10 ಕಾರ್ಡಿನಿಂದ ಶುರು ಮಾಡ್ತಾನೆ: 5 ಸ್ಟ್ರೈಕ್, 4 ಡಿಫೆಂಡ್, 1 ಬ್ಯಾಶ್. ಪ್ರತಿ ಸುತ್ತಿನಲ್ಲಿ 5 ಕಾರ್ಡು ಕೈಗೆ ಬರುತ್ತವೆ. ಸ್ಟ್ರೈಕ್ ಕೆಟ್ಟ ಕಾರ್ಡೇನಲ್ಲ, 6 ಪೆಟ್ಟು ಹೊಡೆಯುತ್ತದೆ. ಶುರುವಿನಲ್ಲಿ ಅದೇ ಗತಿ. ಆದರೆ ಮುಂದೆ ದೊಡ್ಡ ಕಾರ್ಡು ಸಿಕ್ಕ ಮೇಲೂ ಅದು ಕೈಯಲ್ಲಿ ಜಾಗ ಹಿಡಿದು ಕೂರುತ್ತದೆ.

ಇಲ್ಲಿ ನಮ್ಮ ಮ್ಯಾಥ್ಸ್ ಸ್ವಲ್ಪ ಉಪಯೋಗಕ್ಕೆ ಬಂತು. ಡೆಕ್‌ನಲ್ಲಿ 20 ಕಾರ್ಡು ಇದ್ದರೆ, ನಮಗೆ ಬೇಕಾದ ಒಂದು ಕಾರ್ಡು ಮೊದಲ 5ರಲ್ಲಿ ಬರುವ ಸಾಧ್ಯತೆ 25%. 10 ಕಾರ್ಡೇ ಇದ್ದರೆ 50%. ಇದು ಎಲ್ಲರಿಗೂ ಗೊತ್ತಾಗುವ ಲೆಕ್ಕ. ಆದರೆ ಈ ಆಟದಲ್ಲಿ ಗೆಲ್ಲಿಸೋದು ಒಂದು ಕಾರ್ಡಲ್ಲ, ಜೋಡಿ. ಎರಡು ಕಾರ್ಡು ಒಂದೇ ಕೈಯಲ್ಲಿ ಸೇರಬೇಕು. 20 ಕಾರ್ಡಿನ ಡೆಕ್‌ನಲ್ಲಿ ಆ ಜೋಡಿ ಬರುವ ಸಾಧ್ಯತೆ 5% ಚಿಲ್ಲರೆ. 10 ಕಾರ್ಡಿನ ಡೆಕ್‌ನಲ್ಲಿ 22%. ಡೆಕ್ ಅರ್ಧ ಆದರೆ ಒಂದು ಕಾರ್ಡಿನ ಅದೃಷ್ಟ ಎರಡು ಪಟ್ಟು, ಜೋಡಿಯ ಅದೃಷ್ಟ ನಾಲ್ಕು ಪಟ್ಟಿಗೂ ಮೇಲೆ. ಹೊಸದಾಗಿ ಏನನ್ನೂ ಕೊಳ್ಳದೆ ಇಷ್ಟು ಲಾಭ.

ಡೊಮಿನಿಯನ್‌ನಲ್ಲೂ ಇದೇ ಕಥೆ. ಶುರುವಿಗೆ 7 ತಾಮ್ರದ ಕಾರ್ಡು, 3 ಎಸ್ಟೇಟ್. ತಾಮ್ರ ಒಂದೊಂದು ನಾಣ್ಯ ಕೊಡುತ್ತದೆ. ಎಸ್ಟೇಟ್ ಆಟದ ನಡುವೆ ಏನೂ ಕೊಡೋದಿಲ್ಲ. ಸರಾಸರಿ ಒಂದು ಕೈಗೆ 3.5 ನಾಣ್ಯ. ‘ಚಾಪೆಲ್’ ಅನ್ನುವ 2 ನಾಣ್ಯದ ಅಗ್ಗದ ಕಾರ್ಡು ಒಂದಿದೆ. ಅದರಿಂದ ಒಂದೇ ಸಲಕ್ಕೆ ಕೈಯಲ್ಲಿರುವ 4 ಕಾರ್ಡುಗಳವರೆಗೆ ಹೊರಗೆ ಹಾಕಬಹುದು. ಮೂರೂ ಎಸ್ಟೇಟ್ ಹೋದರೆ, ಚಾಪೆಲನ್ನೂ ಸೇರಿಸಿ ಲೆಕ್ಕ ಹಾಕಿದರೂ ಸರಾಸರಿ 4.37 ಆಗುತ್ತದೆ. ಮೊದಲ ಸಲ ಆಡುವವರು ಈ ಕಾರ್ಡಿನ ಕಡೆ ತಿರುಗಿಯೂ ನೋಡೋದಿಲ್ಲ. ನಾವೂ ನೋಡಿರಲಿಲ್ಲ. ಇದ್ದದ್ದನ್ನು ಬಿಸಾಡುವ ಕಾರ್ಡಿಗೆ ದುಡ್ಡು ಕೊಡೋದು ನಮ್ಮ ಮನೆಯ ಸಂಸ್ಕಾರದಲ್ಲೇ ಇಲ್ಲ. ನಮ್ಮ ಮನೆಗಳಲ್ಲಿ ಶ್ರೀಖಂಡದ ಖಾಲಿ ಡಬ್ಬಿ ಕೂಡ ಹತ್ತು ವರ್ಷ ಬಾಳುತ್ತದೆ.

ಹಾಗೆ ನೋಡಿದರೆ ಊರ ಕಟ್ಟೆಯ ರಮ್ಮಿ ನಮಗಿಂತ ಶಾಣ್ಯಾ. ಕೈಯಲ್ಲಿ 13 ಎಲೆ. ಒಂದು ಎತ್ತಿದರೆ ಒಂದು ಬಿಡಲೇಬೇಕು. “ಎತ್ತಿದ್ಯಲ್ಲ, ಈಗ ಒಂದ್ ಬಿಡು” ಅಂತ ಕಾಕಾ ಗದರಿಸಿದ್ದು ನೆನಪಿದೆ. ಡೆಕ್ ಕಟ್ಟುವ ಆಟದಲ್ಲಿ ಹಾಗೆ ಗದರಿಸೋರಿಲ್ಲ. ಪ್ರತಿ ಹೊಡೆದಾಟ ಗೆದ್ದ ಮೇಲೆ ಮೂರು ಕಾರ್ಡು ತೋರಿಸಿ ಒಂದು ತಗೋ ಅಂತಾರೆ. ಬೇಡ ಅನ್ನೋಕೂ ಒಂದು ಬಟನ್ ಇದೆ. ಆದರೆ ಪುಕ್ಕಟೆ ಕೊಟ್ಟದ್ದನ್ನು ಬೇಡ ಅನ್ನೋದು ಹೇಗೆ? ಕಾಲೇಜಿನಲ್ಲೂ ನಾವು ಇದನ್ನೇ ಮಾಡ್ತೇವೆ. ಎಲ್ಲಾ ಕ್ಲಬ್ಬಿನ ವಾಟ್ಸಾಪ್ ಗುಂಪು, ಎಲ್ಲಾ ವರ್ಕ್‌ಶಾಪಿನ ಸರ್ಟಿಫಿಕೇಟು, ಶುರು ಮಾಡಿ ಬಿಟ್ಟ ನಾಲ್ಕು ಆನ್‌ಲೈನ್ ಕೋರ್ಸು. ಪರೀಕ್ಷೆಯ ಹಿಂದಿನ ರಾತ್ರಿ ಕೈಗೆ ಬರೋದು ಬರೀ ಸ್ಟ್ರೈಕು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ‘ಬೇಡದ್ದನ್ನು ಬಿಡಿ, ಗೆಲ್ಲಿ’ ಅನ್ನುವ ಸ್ಟೇಟಸ್ ಆಗ್ತಿತ್ತು. ಆದರೆ ಡೊಮಿನಿಯನ್‌ನ ಆ ಎಸ್ಟೇಟ್ ಕಾರ್ಡು ನಮ್ಮನ್ನು ಕಾಡಿತು. ಆಟದ ನಡುವೆ ಅದು ದಂಡ, ಖರೇ. ಆದರೆ ಆಟ ಮುಗಿದ ಮೇಲೆ ಗೆಲುವನ್ನು ಎಣಿಸೋದು ನಾಣ್ಯದಿಂದಲ್ಲ, ಎಸ್ಟೇಟ್, ಪ್ರಾವಿನ್ಸ್ ಮುಂತಾದ ಕಾರ್ಡಿನ ಅಂಕದಿಂದ. ಪ್ರಾವಿನ್ಸ್ ಕಾರ್ಡಿಗೆ 8 ನಾಣ್ಯ, ಅದಕ್ಕೆ 6 ಅಂಕ. ಅದೂ ಕೈಯಲ್ಲಿ ಬಂದಾಗ ಏನೂ ಕೆಲಸ ಮಾಡೋದಿಲ್ಲ. ಅಂದರೆ ಕೈಗೆ ಬಂದಾಗ ‘ಉಪಯೋಗ ಇಲ್ಲ’ ಅನ್ನಿಸುವ ಕಾರ್ಡುಗಳೇ ಕೊನೆಗೆ ಆಟವನ್ನು ತೀರ್ಮಾನಿಸುತ್ತವೆ. ಒಂದು ಕಾರ್ಡು ಬೇಕೋ ಬೇಡವೋ ಅನ್ನೋದು ನಾವು ಯಾವಾಗ ಎಣಿಸ್ತೇವೆ ಅನ್ನೋದರ ಮೇಲೆ ನಿಂತಿದೆ.

ಇನ್ನೊಂದು ವಿಷಯ. ಈ ಆಟಗಳಲ್ಲಿ ಕಾರ್ಡು ಕೈ ಬಿಡೋದು ಒಂದೇ ತರ ಅಲ್ಲ. ಸ್ಲೇ ದ ಸ್ಪೈರ್‌ನಲ್ಲಿ ಮೂರು ತರ ಇದೆ. ಡಿಸ್ಕಾರ್ಡ್ ಮಾಡಿದರೆ ಕಾರ್ಡು ಪಕ್ಕದ ರಾಶಿಗೆ ಹೋಗುತ್ತದೆ, ಎಳೆಯುವ ರಾಶಿ ಖಾಲಿಯಾದಾಗ ಕಲಸಿ ಮತ್ತೆ ಬರುತ್ತದೆ. ಎಗ್ಸಾಸ್ಟ್ ಮಾಡಿದರೆ ಆ ಹೊಡೆದಾಟ ಮುಗಿಯುವ ತನಕ ಇಲ್ಲ, ಮುಂದಿನದಕ್ಕೆ ಹಾಜರ್. ಅಂಗಡಿಯಲ್ಲಿ ತೆಗೆಸಿದರೆ ಮಾತ್ರ ಹೋದದ್ದು ಹೋಯಿತು. ನಾವು ಮೂರಕ್ಕೂ ‘ತೆಗೆದೆವು’ ಅಂತಲೇ ಹೇಳ್ತೇವೆ. ತಪ್ಪಾಗೋದು ಅಲ್ಲೇ.

ನಮ್ಮ ಕಡೆಯವರಿಗೆ ಇದನ್ನು ತಿಳಿಸೋಕೆ ಕಂಪ್ಯೂಟರ್ ಬೇಕಿಲ್ಲ, ಕಬ್ಬಿನ ಹೊಲ ಸಾಕು. ಕೃಷ್ಣಾ, ಘಟಪ್ರಭಾ ನದಿಗಳ ನೀರು ಹರಿಯುವ ಕಡೆಯೆಲ್ಲಾ ಕಬ್ಬು. ಕಬ್ಬು ಬೆಳೆದಂತೆ ಕೆಳಗಿನ ಎಲೆ ಒಣಗುತ್ತದೆ. ಅದೇ ರವದಿ. ಅದನ್ನು ಸುಲಿದು ತೆಗೆದರೆ ಸಾಲಿನಲ್ಲಿ ಗಾಳಿ ಆಡುತ್ತದೆ. ಇಂಗ್ಲಿಷ್ ಕೃಷಿ ಪುಸ್ತಕಗಳಲ್ಲಿ ರವದಿಗೆ ಇರುವ ಹೆಸರು ಟ್ರ್ಯಾಶ್. ಡೊಮಿನಿಯನ್‌ನಲ್ಲಿ ಕಾರ್ಡು ಹೊರಗೆ ಹಾಕೋದಕ್ಕೂ ಅದೇ ಪದ! ಆದರೆ ಸುಲಿದ ರವದಿ ಏನಾಗಬೇಕು? ಬೆಂಕಿ ಹಚ್ಚಿದರೆ ಒಂದು ತಾಸಿನಲ್ಲಿ ಹೊಲ ಸ್ವಚ್ಛ, ಕೂಲಿಯೂ ಉಳಿಯಿತು. ಅದನ್ನೇ ಸಾಲಿನ ನಡುವೆ ಹಾಸಿದರೆ ನೆಲದ ತೇವ ಹಿಡಿದಿಡುತ್ತದೆ, ಕಸ ಏಳೋದು ಕಡಿಮೆ, ಕೊಳೆತು ಗೊಬ್ಬರವೂ ಆಗುತ್ತದೆ. ಎರಡೂ ಕಡೆ ರವದಿ ಗಿಡದಿಂದ ತೆಗೆದದ್ದೇ. ಹಾಸಿದ್ದು ಡಿಸ್ಕಾರ್ಡ್, ಸುಟ್ಟದ್ದು ಕಾಯಂ.

ಇದಕ್ಕಿಂತ ಹಳೆಯ ಉದಾಹರಣೆ ಬೇಕಂದ್ರೆ ಮುಧೋಳದ ರನ್ನ. (ನಮ್ಮಲ್ಲಿ ಮುಧೋಳದವನು ಎಲ್ಲಾ ಚರ್ಚೆಗೂ ರನ್ನನನ್ನೋ ಬೇಟೆನಾಯಿಯನ್ನೋ ಎಳೆದು ತರ್ತಾನೆ. ಈ ಸಲ ಸರಿಯಾಗಿಯೇ ತಂದ.) ಪಂಪ 941ರ ಸುಮಾರಿಗೆ ಇಡೀ ಭಾರತದ ಕಥೆಯನ್ನು 14 ಆಶ್ವಾಸಗಳಲ್ಲಿ ಹೇಳಿದ್ದ. ಅದೇ 10ನೇ ಶತಮಾನದಲ್ಲಿ ಅವನ ನಂತರ ಬಂದ ರನ್ನ ‘ಗದಾಯುದ್ಧ’ಕ್ಕೆ ಆರಿಸಿಕೊಂಡದ್ದು ಯುದ್ಧದ ಕೊನೆಯ ಭಾಗ, ಭೀಮ ದುರ್ಯೋಧನರ ಕಾಳಗ ಮಾತ್ರ. ಅಷ್ಟಕ್ಕೇ 10 ಆಶ್ವಾಸ. ಅರಗಿನ ಮನೆ, ಜೂಜು, ದ್ರೌಪದಿಯ ಅವಮಾನ, ಕರ್ಣ ದ್ರೋಣರ ಸಾವು ಎಲ್ಲವನ್ನೂ ಸಾಲಾಗಿ ಹೇಳುವ ಭಾರವನ್ನು ಅವನು ಇಳಿಸಿದ. ಹಾಗಂತ ಅಳಿಸಿ ಹಾಕಲಿಲ್ಲ. ಸಿಂಹ ನಡೆಯುತ್ತಾ ಹಿಂತಿರುಗಿ ನೋಡುವ ಹಾಗೆ, ಬೇಕಾದ ಕಡೆ ಆ ಹಳೆಯ ಪ್ರಸಂಗವನ್ನು ಪಾತ್ರಗಳ ನೆನಪಿನಿಂದ, ಮಾತಿನಿಂದ ಮತ್ತೆ ಎಳೆದ. ಕಟ್ಟು ಸಣ್ಣದಾಯಿತು, ಪಕ್ಕದ ರಾಶಿ ಹಾಗೇ ಉಳಿಯಿತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಹಳಗನ್ನಡ ಅರ್ಥ ಆಗೋದಿಲ್ಲ, ಹೊಸಗನ್ನಡದ ಸಾರಾಂಶ ಹಿಡಿದೇ ಇಷ್ಟು ಹೇಳ್ತಿದ್ದೇವೆ. ಆದರೂ ಡೆಕ್ ಕಟ್ಟೋದು ರನ್ನನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು ಅಂತ ಧೈರ್ಯವಾಗಿ ಹೇಳಬಹುದು.

ಈಗ ನಮ್ಮ ಎರಡನೆಯ ಅಭಿಪ್ರಾಯ.

ಈ ಕ್ಯಾಂಪಸ್ಸಿಗೆ ಬಂದ ಮೊದಲ ತಿಂಗಳಲ್ಲಿ ನಾವು ನಾಲ್ಕೂ ಮಂದಿ ಒಂದು ಕಾರ್ಡು ತೆಗೆದು ಹಾಕಿದೆವು. ಯಾರೂ ತೆಗೀರಿ ಅನ್ನಲಿಲ್ಲ. ‘ರೊಕ್ಕ’ ಅಂದಾಗ ಒಂದೆರಡು ಸಲ ನಕ್ಕರು. ‘ಹೌದಲ್ರೀ’ ಅಂದಾಗ ಸಿನಿಮಾದ ಹಾಸ್ಯ ಪಾತ್ರದ ದನಿಯಲ್ಲಿ ತಿರುಗಿಸಿ ಹೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ತಮಾಷೆಗೆ. ನಾವೂ ನಕ್ಕೆವು. ಆಮೇಲೆ ರೊಕ್ಕ ಹೋಗಿ ದುಡ್ಡಾಯಿತು, ಖರೇ ಹೋಗಿ ನಿಜ ಆಯಿತು, ಹ್ಯಾಂಗ ಹೋಗಿ ಹೇಗೆ ಆಯಿತು. ಶಾಲೆಯಲ್ಲಿ ಇಂಗ್ಲಿಷಿಗಾಗಿ ಕನ್ನಡ ಕಡಿಮೆ ಮಾಡಿಕೊಂಡಿದ್ದೆವು. ಇಲ್ಲಿ ‘ಸರಿಯಾದ’ ಕನ್ನಡಕ್ಕಾಗಿ ನಮ್ಮ ಕನ್ನಡವನ್ನು ಕಡಿಮೆ ಮಾಡಿಕೊಂಡೆವು. ಹಗುರ ಅನ್ನಿಸಿತು, ಸುಳ್ಳು ಹೇಳೋದಿಲ್ಲ. ಪ್ರೆಸೆಂಟೇಷನ್‌ನಲ್ಲಿ ನಾಲಿಗೆ ತಡವರಿಸೋದು ನಿಂತಿತು. ಲೆಕ್ಕದ ಪ್ರಕಾರ ಡೆಕ್ ಚೆನ್ನಾಗಿ ಓಡ್ತಿತ್ತು.

ಒಂದು ಭಾನುವಾರ ನಮ್ಮಲ್ಲೊಬ್ಬ ಮನೆಗೆ ಫೋನ್ ಮಾಡಿ ಎರಡು ನಿಮಿಷ ಮಾತಾಡಿದ. ಆ ಕಡೆಯಿಂದ ಅವನ ಅವ್ವ, “ಯಾರ್ರೀ ಮಾತಾಡಾಕತ್ತೀರಿ?” ಅಂದರು. ಚಾಷ್ಟಿಗೇ ಅಂದದ್ದು. ಅವನು ನಕ್ಕ. ಫೋನಿಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಮಗನಿಗೆ ತಾಯಿ ‘ರೀ’ ಹಚ್ಚಿ ಮಾತಾಡಿದರೆ ಅದರ ಅರ್ಥ ಏನು ಅನ್ನೋದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆವತ್ತು ನಮಗೆ ತಿಳಿದದ್ದು ಇಷ್ಟು. ಮಾತನ್ನು ಬದಲಿಸಿದ್ದು ತಪ್ಪಲ್ಲ, ಮಾಡಿದ ರೀತಿ ತಪ್ಪು. ಇಂಟರ್ವ್ಯೂನಲ್ಲಿ, ಸೆಮಿನಾರ್‌ನಲ್ಲಿ ಊರ ಮಾತು ಬೇಡ ಅನ್ನಿಸಿದರೆ ಆ ಹೊಡೆದಾಟಕ್ಕೆ ಮಾತ್ರ ಅದನ್ನು ಎಗ್ಸಾಸ್ಟ್ ಮಾಡಿ, ಅಡ್ಡಿಯಿಲ್ಲ. ಆದರೆ ನಾವು ಅದನ್ನು ಅಂಗಡಿಗೆ ಒಯ್ದು, ಬೆಲೆ ಕೊಟ್ಟು, ಕಾಯಂ ಆಗಿ ತೆಗೆಸಿಕೊಂಡು ಬಂದಿದ್ದೆವು. ರವದಿಗೆ ಬೆಂಕಿ ಹಚ್ಚಿದ್ದೆವು. ಕೊನೆಗೆ ಅಂಕ ಎಣಿಸುವ ದಿನ ಈ ಎಸ್ಟೇಟ್ ಕಾರ್ಡುಗಳು ಲೆಕ್ಕಕ್ಕೆ ಬರುತ್ತವೆ ಅನ್ನೋದು ಹೊಳೆದಿರಲಿಲ್ಲ.

“ಹಾಗಾದರೆ ಯಾವುದನ್ನೂ ತೆಗೆಯಬಾರದಾ?” ಅಂತ ಕೇಳಬಹುದು. ತೆಗೆಯಲೇಬೇಕು. ಸ್ಲೇ ದ ಸ್ಪೈರ್‌ನಲ್ಲಿ ಶಾಪದ ಕಾರ್ಡುಗಳಿವೆ. ಆಡೋಕೆ ಬರೋದಿಲ್ಲ, ಸುಮ್ಮನೆ ಕೈ ಕೆಡಿಸುತ್ತವೆ. ಅದರಲ್ಲಿ ಒಂದರ ಹೆಸರೇ ‘ಶೇಮ್’, ನಾಚಿಕೆ. ಅದು ಕೈಯಲ್ಲಿದ್ದರೆ ಸುತ್ತಿನ ಕೊನೆಗೆ ನಮ್ಮನ್ನು ದುರ್ಬಲ ಮಾಡುತ್ತದೆ, ಆಮೇಲೆ ಎತ್ತುವ ಗುರಾಣಿ 25% ಕಡಿಮೆಯಾಗುತ್ತದೆ. ನಾವು ಮೊದಲ ತಿಂಗಳು ಚಿನ್ನ ಖರ್ಚು ಮಾಡಿ ತೆಗೆಸಬೇಕಾಗಿದ್ದದ್ದು ಆ ಕಾರ್ಡನ್ನು. ನಾಚಿಕೆಯನ್ನು ಡೆಕ್‌ನಲ್ಲಿ ಇಟ್ಟುಕೊಂಡು ಮಾತನ್ನು ತೆಗೆಸಿದೆವು. ಆಟದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾವೇ ಮೌಸ್ ಕಿತ್ತುಕೊಳ್ತಿದ್ದೆವು.

ಈ ಮಾತು ಬಾಗಲಕೋಟೆ ಜಿಲ್ಲೆಯ ನಾಲ್ಕು ಮಂದಿಗೆ ಮಾತ್ರ ಸೇರಿದ್ದಲ್ಲ. ಪಕ್ಕದ ರೂಮಿನ ಕುಂದಾಪುರದವನೂ ಮನೆಗೆ ಫೋನ್ ಮಾಡುವಾಗ ಕಾರಿಡಾರಿನ ತುದಿಗೆ ಹೋಗ್ತಾನೆ. ಕಲಬುರಗಿಯವಳು, ಚಾಮರಾಜನಗರದವನು, ಕಾಸರಗೋಡಿನವಳು, ಎಲ್ಲರೂ ಯಾವುದೋ ಕಾರ್ಡನ್ನು ಕೆಳಗೆ ಮುಚ್ಚಿಟ್ಟುಕೊಂಡೇ ಕ್ಲಾಸಿಗೆ ಬರ್ತಾರೆ.

ಆದ್ದರಿಂದ ಕನ್ನಡ ಕ್ಲಬ್ಬಿಗೆ ನಮ್ಮದೊಂದು ವಿನಂತಿ. ರಾಜ್ಯೋತ್ಸವದ ನಿರೂಪಣೆಯನ್ನು ಪ್ರತಿ ವರ್ಷ ಅದೇ ಟಿವಿ ಕನ್ನಡದಲ್ಲಿ ಮಾಡೋದು ಸಾಕು. ಈ ಸಲ ಒಂದೊಂದು ಕಾರ್ಯಕ್ರಮವನ್ನು ಒಂದೊಂದು ಊರಿನವರು ಅವರವರ ಮನೆ ಮಾತಿನಲ್ಲೇ ನಿರೂಪಿಸಲಿ. ಅರ್ಥವಾಗದ ಪದ ಬಂದರೆ ಪಕ್ಕದವರನ್ನು ಕೇಳೋಣ, ಹಾಗಾದರೂ ಪರಿಚಯ ಆಗುತ್ತದೆ. ಮೊದಲನೆಯದಕ್ಕೆ ನಾವು ನಾಲ್ಕು ಮಂದಿ ಹೆಸರು ಕೊಟ್ಟಿದ್ದೇವೆ. ನಗೋರು ನಗಲಿ, ನಾವೂ ನಗ್ತೇವೆ. ಈ ಸಲ ಮಾತ್ರ ಕಾರ್ಡು ಕೆಳಗೆ ಇಡೋದಿಲ್ಲ.

ಬರ್ರಿ ಮತ್ತ. ಮುಂದಿನ ಸಾಲಿನ್ಯಾಗ ಜಾಗಾ ಹಿಡದಿರ್ತೀವಿ.