ಅಯ್ಯೋ ಪಾಪ ಯಾರಿಗೆ?

1945ರಲ್ಲಿ ಜರ್ಮನಿಯ ವಿಜ್ಞಾನಿಗಳನ್ನು ರಷ್ಯದವರು ಹೊತ್ತೊಯ್ದು ಅಣುಬಾಂಬಿಗೆ ದುಡಿಸಿಕೊಂಡರು, ಅಯ್ಯೋ ಪಾಪ ಎನ್ನುವವರಿದ್ದಾರೆ. ನಮ್ಮ ಸ್ಟಾಫ್‌ರೂಮಿನಲ್ಲೂ ಇದೇ ಮಾತು. ನಾನು ಒಪ್ಪುವುದಿಲ್ಲ. ಫಾನ್ ಆರ್ಡೆನ್, ನೊಬೆಲ್ ಪಡೆದ ಗುಸ್ಟಾವ್ ಹರ್ಟ್ಸ್ ಮೊದಲಾದ ನಾಲ್ವರು ರಷ್ಯದವರ ಜೊತೆ ಸೇರುವುದೆಂದು ಮೊದಲೇ ಮಾತಾಡಿಕೊಂಡಿದ್ದವರು! ಸುಖುಮಿಯ ಕಡಲ ಬದಿಯಲ್ಲಿ ಅವರಿಗೆ ಪ್ರಯೋಗಾಲಯಗಳೇ ಸಿದ್ಧವಾದವು. ನಿಕೋಲಾಸ್ ರೀಲ್‌ರನ್ನು ಕರೆದೊಯ್ದದ್ದು ಬಲವಂತದಿಂದಲೇ ಇರಲಿ. ಸ್ಟಾಲಿನ್ ಕಾಲದಲ್ಲಿ ಒಲ್ಲೆ ಎನ್ನುವುದು ಸುಲಭವಲ್ಲ, ಬಲ್ಲೆ. ಆದರೂ ಯುರೇನಿಯಂ ಶುದ್ಧಿ ಮಾಡಿಕೊಟ್ಟದ್ದಕ್ಕೆ ಅವರಿಗೆ 1949ರಲ್ಲಿ 'ಸಮಾಜವಾದಿ ಶ್ರಮವೀರ' ಬಿರುದು ಬಂತು. 1955ರಲ್ಲಿ ಜರ್ಮನಿಗೂ ಮರಳಿದರು.

ಅದೇ 1949ರ ಆಗಸ್ಟ್ 29ರಂದು ಸಿಡಿದ ಮೊದಲ ಬಾಂಬಿನ ವಿಷಧೂಳು ಬಿದ್ದದ್ದು ಕಜಾಖ್‌ಸ್ತಾನದ ಡೋಲೋನ್ ಹಳ್ಳಿಯ ಮೇಲೆ. ಊರು ಖಾಲಿ ಮಾಡಿಸಲೂ ಇಲ್ಲ. ಅಲ್ಲಿ ಹಾಲು ಕರೆದು ಮಕ್ಕಳಿಗೆ ಕುಡಿಸಿದ ತಾಯಂದಿರಿಗೆ ಯಾರು ಯಾವ ಬಿರುದು ಕೊಟ್ಟರು, ಹೇಳಿ?