ಡಬ್ಬಿ ಯಾಕೆ ಮೂಗಾಯಿತು?



ಕಳೆದ ತಿಂಗಳು ತಾಳವಾಡಿ ಬೆಟ್ಟದ ಜೀರಹಳ್ಳಿಯಲ್ಲಿ ಒಂದು ಮನೆಗೆ ಭೇಟಿಗೆಂದು ಹೋಗಿದ್ದೆವು. ಊರು ಈರೋಡು ಜಿಲ್ಲೆಗೆ ಸೇರಿದ್ದಾದರೂ ಮನೆಮಾತು ಕನ್ನಡ. ಬಸ್ಸಿನ ಬೋರ್ಡು ತಮಿಳು, ಒಳಗಿನ ಹರಟೆ ಕನ್ನಡ. ಬೆಳಿಗ್ಗೆ ಹತ್ತು ಗಂಟೆಯಾಗಿದ್ದರೂ ಮನೆಯ ಯಜಮಾನರು ಜಗಲಿಯ ಮೇಲೆ ಗಾಢ ನಿದ್ರೆಯಲ್ಲಿದ್ದರು. ಸೋಮಾರಿತನವೆಂದು ತಿಳಿಯಬೇಡಿ. ಕಾಡಂಚಿನ ಹೊಲ, ಬಲಿತ ಕೋಸು, ಆನೆಗಳ ಭಯ; ರಾತ್ರಿಯೆಲ್ಲಾ ಅಟ್ಟಣೆಯ ಮೇಲೆ ಕಾವಲು ಕೂತು ಬಂದವರು.

ಅವರ ಮಗ ಮೆಲ್ಲಗೆ ಒಂದು ಪ್ಲಾಸ್ಟಿಕ್ ತಿಂಡಿ ಡಬ್ಬಿ ತಂದು ನಮ್ಮ ಮುಂದಿಟ್ಟ. ಮುಚ್ಚಳ ಕೊರೆದು ಒಂದು ಪುಟ್ಟ ಪರದೆ ಕೂರಿಸಿದ್ದಾನೆ, ಅದರ ಎರಡು ಬದಿಗೆ ಗುಂಡಿಗಳು. ಒಳಗೆ ಬ್ಯಾಟರಿ, ತಂತಿಗಳ ಗೋಜಲು, ರಾಸ್ಪ್‌ಬೆರಿ ಪೈ ಝೀರೋ ಎಂಬ ಬೆರಳುದ್ದದ ಕಂಪ್ಯೂಟರ್. 2015ರಲ್ಲಿ ಇದು ಬಂದಾಗ ಬೆಲೆ ಐದೇ ಡಾಲರ್. ಅಷ್ಟು ಅಗ್ಗವಾಗಲೆಂದೇ ಇಯರ್‌ಫೋನ್ ಚುಚ್ಚುವ ತೂತನ್ನು ಕೂಡ ಅದರಲ್ಲಿ ಇಟ್ಟಿರಲಿಲ್ಲ. ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರವನ್ನು ಹುಡುಗ ತಾನೇ ಕಟ್ಟಿದ್ದ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮಾವನ ಕೈಯಲ್ಲಿ ಬಿಡಿಭಾಗ ತರಿಸಿದ್ದನಂತೆ. ಪರದೆಯ ಮೇಲೆ ಚಿತ್ರ ಚೆನ್ನಾಗಿ ಓಡುತ್ತಿತ್ತು. ಆದರೆ ಉಸಿರಿಲ್ಲ, ಸದ್ದಿಲ್ಲ.

"ನೀವು ಚರ್ಚಿನ ಮೈಕ್ ಸೆಟ್ ನೀವೇ ರಿಪೇರಿ ಮಾಡ್ತೀರಂತಲ್ಲಾ ಫಾದರ್?"

ಗುರುಮಠದಲ್ಲಿ ಮೂರು ವರ್ಷ ಮೈಕ್ ಸೆಟ್ಟಿನ ಹೊಣೆ ನಮ್ಮದಾಗಿತ್ತು, ನಿಜ. ದೈವಶಾಸ್ತ್ರದ ಟಿಪ್ಪಣಿಗಳು ಎಷ್ಟೋ ಮರೆತಿವೆ, ಗುಂಯ್‌ಗುಡುವ ಆಂಪ್ಲಿಫೈಯರ್ ಮಾತ್ರ ಮರೆತಿಲ್ಲ. ಆದರೆ ಹುಡುಗ ಕೇಳಿದ ಧಾಟಿ ಬೇರೆಯೇ ಇತ್ತು. ಡಿಪ್ಲೊಮಾದಲ್ಲಿ ಅವನಿಗೆ ಎರಡು ವಿಷಯ ಬಾಕಿ. ಓದೂ ಇಲ್ಲ, ಕೆಲಸವೂ ಇಲ್ಲ, ಕೋಸು ಮಾರಿದ ದುಡ್ಡೆಲ್ಲಾ ಈ ಡಬ್ಬಿಗೆ ಹೋಯಿತು, ಇನ್ನು ಹೊಲಕ್ಕೆ ಬರಲಿ ಎಂದು ಅಪ್ಪ ಹೇಳಿಬಿಟ್ಟಿದ್ದರು. ಕಾಫಿ ತಂದ ತಾಯಿ ಇದನ್ನೆಲ್ಲ ನಮಗೆ ತಗ್ಗಿದ ದನಿಯಲ್ಲಿ ಹೇಳಿದರು.

ಹುಡುಗ ಆಗಲೇ ಎಲ್ಲ ಬೆಸುಗೆಗಳನ್ನೂ ಕಿತ್ತು ಮತ್ತೆ ಹಾಕಲು ಸಾಲ್ಡರಿಂಗ್ ಐರನ್ ಕಾಯಿಸಿದ್ದ. ಬೇಡವೆಂದೆವು. ಬಹಳ ಜನ ಮಾಡುವ ತಪ್ಪು ಇದು, ನಾವೂ ಮಾಡಿದ್ದೇವೆ. ಎಲ್ಲವನ್ನೂ ಕಿತ್ತರೆ ಹಳೆಯ ದೋಷ ಎಲ್ಲಿತ್ತೆಂದು ತಿಳಿಯುವುದಿಲ್ಲ, ಹೊಸದು ನಾಲ್ಕು ಸೇರಿಕೊಳ್ಳುತ್ತವೆ. ಮೊದಲು ಬ್ಯಾಟರಿಯ ತಂತಿ ಬಿಡಿಸು ಎಂದೆವು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಹೊತ್ತಿಕೊಳ್ಳುತ್ತದೆ. ಇಂಥ ಕೆಲಸಕ್ಕೆ ಕೈಹಾಕಿರುವ ಮಕ್ಕಳು ಮನೆಯಲ್ಲಿದ್ದರೆ ತಂದೆತಾಯಂದಿರು ಇದೊಂದನ್ನು ಗಟ್ಟಿಯಾಗಿ ಹೇಳಬೇಕು.

ಸದ್ದು ನಡೆಯುವ ದಾರಿಯನ್ನು ಕಾಗದದ ಮೇಲೆ ಬರೆದೆವು. ಕಂಪ್ಯೂಟರಿನ ಎರಡು ಪಿನ್ನುಗಳಿಂದ ಸದ್ದು ಹೊರಡುತ್ತದೆ, ಆದರೆ ಸದ್ದಿನ ರೂಪದಲ್ಲಲ್ಲ. ಅತಿ ವೇಗವಾಗಿ ಬಡಿಯುವ ಮಿಡಿತಗಳಾಗಿ. ಅಲ್ಲಿಂದ ಒಂದು ಜರಡಿ: 270 ಓಮ್‌ನ ರೆಸಿಸ್ಟರ್, ಗ್ರೌಂಡಿಗೆ ಇಳಿಯುವ 33 ನ್ಯಾನೋಫ್ಯಾರಡ್ ಕೆಪಾಸಿಟರ್, ಅದರ ಜೊತೆಗೆ 150 ಓಮ್, ಕಡೆಗೆ 10 ಮೈಕ್ರೋಫ್ಯಾರಡ್. ಆ ವೇಗದ ಬಡಿತವನ್ನು ಜರಡಿ ಸೋಸಿ, ನಮ್ಮ ಕಿವಿಗೆ ಬೇಕಾದ ಅಲೆಯನ್ನಷ್ಟೇ ಮುಂದೆ ಬಿಡುತ್ತದೆ. ಆಮೇಲೆ ಆಂಪ್ಲಿಫೈಯರ್, ಕೊನೆಗೆ ಸ್ಪೀಕರ್. ಇಂಥ ದಾರಿಯನ್ನು ಬಾಲದಿಂದ ತಲೆಯ ಕಡೆಗೆ ಪರೀಕ್ಷಿಸುತ್ತಾ ಬರುವುದು ನಮ್ಮ ರೂಢಿ.

ಸ್ಪೀಕರನ್ನು ಬಿಡಿಸಿ, ಅದರ ಎರಡು ತಂತಿಗೆ ಗಡಿಯಾರದ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದೆವು. ಟಕ್ ಎಂದಿತು. ಜೀವ ಇದೆ. ಮತ್ತೆ ಜೋಡಿಸಿ, ಆಂಪ್ಲಿಫೈಯರಿನ ಒಳಬಾಗಿಲಿಗೆ ನಮ್ಮ ಫೋನಿನಿಂದ ಒಂದು ಹಾಡು ಕೊಟ್ಟೆವು. ಮೌನ. ಬೆರಳಿಟ್ಟು ನೋಡಿದರೆ ಚಿಪ್ ಸುಡುತ್ತಿತ್ತು.

"ಇಯರ್‌ಫೋನ್ ಎಲ್ಲಿ ಸೇರಿಸಿದ್ದೀಯಪ್ಪಾ?" ಎಂದೆವು. ಸ್ಪೀಕರ್ ತಂತಿಗಳಿಗೇ ಸೇರಿಸಿದ್ದ. ಅಪ್ಪ ಹಗಲು ಮಲಗುವ ಮನೆಯಲ್ಲವೇ, ಸದ್ದಾಗದಂತೆ ಆಡಲೆಂದು.

ಆ ಆಂಪ್ಲಿಫೈಯರ್ ಪಿ.ಎ.ಎಂ. 8403 ಎಂಬ ಚಿಪ್ಪಿನದು. ಬೆಲೆ ಕಡಿಮೆ, ಐದು ವೋಲ್ಟಿನಲ್ಲಿ ಒಂದೊಂದು ಕಡೆಗೆ ಮೂರು ವ್ಯಾಟ್‌ವರೆಗೂ ಕೊಡುವ ಗಟ್ಟಿಗ. ಆದರೆ ಅದಕ್ಕೊಂದು ಗುಣವಿದೆ. ಹಳೆಯ ರೇಡಿಯೋಗಳಲ್ಲಿ ಸಾಮಾನ್ಯವಾಗಿ ಸ್ಪೀಕರಿನ ಒಂದು ತಂತಿ ಗ್ರೌಂಡಿಗೆ ಹೋಗುತ್ತಿತ್ತು. ಇದರಲ್ಲಿ ಸ್ಪೀಕರಿನ ಪ್ಲಸ್, ಮೈನಸ್ ಎರಡನ್ನೂ ಚಿಪ್ಪೇ ತಳ್ಳುತ್ತದೆ, ಒಂದು ಮೇಲಕ್ಕೆ ಹೋದಾಗ ಇನ್ನೊಂದು ಕೆಳಕ್ಕೆ. ಅಲ್ಲಿ ಮೈನಸ್ ಎಂದು ಬರೆದಿದ್ದರೂ ಅದು ಗ್ರೌಂಡ್ ಅಲ್ಲ. ಎಡ ಬಲಗಳ ಮೈನಸ್ಸುಗಳನ್ನು ಒಂದಕ್ಕೊಂದು ಸೇರಿಸಲೂ ಬಾರದು, ಗ್ರೌಂಡಿಗೆ ಮುಟ್ಟಿಸಲೂ ಬಾರದು. ಇಯರ್‌ಫೋನಿನ ಪ್ಲಗ್ಗಿನಲ್ಲಾದರೋ ಎರಡು ಕಿವಿಗೂ ವಾಪಸ್ಸು ತಂತಿ ಒಂದೇ! ಚುಚ್ಚಿದ ಕೂಡಲೇ ಚಿಪ್ಪಿನ ಎರಡು ಕೈಗಳನ್ನೂ ಒಟ್ಟಿಗೆ ಕಟ್ಟಿದ ಹಾಗಾಯಿತು.

ಹುಡುಗನ ಮುಖ ಸಣ್ಣದಾಯಿತು. ಬಿಡಿಭಾಗಕ್ಕಿಂತ ಚಾಮರಾಜನಗರಕ್ಕೆ ಹೋಗಿಬರುವ ದಿನದ ಲೆಕ್ಕ ಅವನಿಗೆ ದೊಡ್ಡದು. ಇಯರ್‌ಫೋನಿನ ತಂತಿಯನ್ನು ಇನ್ನು ಆಂಪ್ಲಿಫೈಯರಿನ ಹಿಂದಿನಿಂದ, ಅಂದರೆ ಜರಡಿಯಿಂದಲೇ ನೇರವಾಗಿ ತೆಗೆದುಕೊಳ್ಳಲು ಹೇಳಿದೆವು. ಪ್ಲಗ್ ಚುಚ್ಚಿದಾಗ ಸ್ಪೀಕರಿನ ದಾರಿ ತಾನಾಗಿ ಕಡಿಯುವಂಥ ಸಾಕೆಟ್ ಸಿಗುತ್ತದೆ, ಅದನ್ನೂ ಕೇಳಿ ತಾ ಎಂದು ಹೇಳಿ ಬಂದೆವು.

ಎರಡು ವಾರ ಬಿಟ್ಟು ಮತ್ತೆ ಹೋದಾಗ ಹೊಸ ಆಂಪ್ಲಿಫೈಯರ್ ಕೂತಿತ್ತು. ನಮ್ಮ ಫೋನಿನ ಹಾಡು ಸ್ಪೀಕರಿನಲ್ಲಿ ಮೊಳಗಿತು. ಆದರೆ ಗೇಮಿನ ಸದ್ದು ಆಗಲೂ ಇಲ್ಲ! ಅಂದರೆ ದೋಷ ಇನ್ನು ದಾರಿಯ ತಲೆಯ ಕಡೆಗೆ.

ಸದ್ದನ್ನು ಪಿನ್ನುಗಳಿಗೆ ತಿರುಗಿಸುವ ಸಾಲನ್ನು ಹುಡುಗ ಕಂಪ್ಯೂಟರಿನ ಫೈಲಿನಲ್ಲಿ ಸರಿಯಾಗಿಯೇ ಬರೆದಿದ್ದ. 18 ಮತ್ತು 13 ಎಂದು ಅದರಲ್ಲಿತ್ತು. ತಂತಿಯನ್ನೂ 18 ಮತ್ತು 13ಕ್ಕೇ ಹಾಕಿದ್ದ. ಹಾಗಾದರೆ ತಪ್ಪೆಲ್ಲಿ? ಈ ಕಂಪ್ಯೂಟರಿನಲ್ಲಿ ಎರಡು ಸಾಲಾಗಿ ನಲವತ್ತು ಪಿನ್ನುಗಳು. ಸ್ಥಾನದ ಎಣಿಕೆ ಒಂದು, ಚಿಪ್ ಇಟ್ಟುಕೊಂಡಿರುವ ಸಂಖ್ಯೆ ಮತ್ತೊಂದು. ಧರ್ಮಕೇಂದ್ರದ ಕುಟುಂಬ ಪುಸ್ತಕದ ಸಂಖ್ಯೆಯೂ ಪಂಚಾಯಿತಿಯ ಬಾಗಿಲ ಸಂಖ್ಯೆಯೂ ಬೇರೆ ಬೇರೆ ಇದ್ದ ಹಾಗೆ. ಚಿಪ್ಪಿನ 18 ಇರುವುದು 12ನೆಯ ಸ್ಥಾನದಲ್ಲಿ, ಚಿಪ್ಪಿನ 13 ಇರುವುದು 33ನೆಯ ಸ್ಥಾನದಲ್ಲಿ. ಹುಡುಗ ಬೆರಳಿಟ್ಟು ಹದಿನೆಂಟನೆಯದನ್ನು ಎಣಿಸಿದ್ದ. ಅಲ್ಲಿ ವಾಸವಾಗಿರುವುದು 24. ಪಾಪ, ಬಾಗಿಲು ತಟ್ಟಿದ್ದು ಪಕ್ಕದ ಮನೆಯದು.

ಎರಡು ತಂತಿ ಬದಲಾಯಿಸಿದ್ದೇ ತಡ, ಸಂಗೀತ ಬಂತು. ಜೊತೆಗೆ ಜೀರುಂಡೆಯಂಥ ಒಂದು ಜಿರ್ರೆನ್ನುವ ಸದ್ದು ಕೂಡ. ಅದು ಎಷ್ಟಿತ್ತೆಂದರೆ ಜಗಲಿಯಲ್ಲಿ ಮಲಗಿದ್ದ ಅಪ್ಪ ಎದ್ದು ಒಳಗೆ ಬಂದರು.

ಬೈಯುತ್ತಾರೆಂದು ಹುಡುಗ ಡಬ್ಬಿ ಆರಿಸಲು ಹೋದ. ನಾವೂ ಸ್ವಲ್ಪ ಅಳುಕಿದೆವು. ನಿದ್ರೆ ಕೆಡಿಸಿದವರಲ್ಲಿ ನಾವೂ ಒಬ್ಬರು. ಅವರು ಬೈಯಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕೇಳುತ್ತಾ ನಿಂತರು. ನಾವಿಬ್ಬರೂ ಆಂಪ್ಲಿಫೈಯರಿನ ಮೇಲೆ ಗುಮಾನಿಯಿಂದ ಅದನ್ನೇ ಅಲುಗಿಸಿ, ಒತ್ತಿ, ತಿರುಗಿಸಿ ನೋಡುತ್ತಿದ್ದೆವು.

"ಅದ್ನ ಯಾಕ್ ಅಲ್ಲಾಡಿಸೀರಿ ಸ್ವಾಮಿ," ಎಂದರು ಕಡೆಗೆ. "ಪಟ ಬೆಳ್ಳಗಾದಾಗ ಜಾಸ್ತಿ ಆಯ್ತದ, ಕಪ್ಪಗಾದಾಗ ಕಮ್ಮಿ ಆಯ್ತದ. ಸದ್ದು ಆ ಪಟದಿಂದ ಬತ್ತಾವದ."

ಕತ್ತಲಲ್ಲಿ ಬಿದಿರು ಮುರಿದ ಸದ್ದು ಗಾಳಿಯದೋ ಆನೆಯದೋ ಎಂದು ವರ್ಷಗಟ್ಟಲೆ ವಿಂಗಡಿಸಿದ ಕಿವಿ ಅದು. ಪರದೆಯ ತಂತಿಯನ್ನು ಬಿಡಿಸಿ ನೋಡಿದೆವು. ಜಿರ್ರೆನ್ನುವುದು ನಿಂತಿತು, ಸಂಗೀತ ಶುದ್ಧವಾಗಿ ಉಳಿಯಿತು.

ಕಾರಣ ಹುಡುಕಲು ಆಮೇಲೆ ಹೊತ್ತಾಗಲಿಲ್ಲ. ಪರದೆಯ ಗ್ರೌಂಡ್ ತಂತಿಗೇ ಹುಡುಗ ಆಂಪ್ಲಿಫೈಯರಿನ ಗ್ರೌಂಡನ್ನೂ ಜೋಡಿಸಿದ್ದ. ಕೂದಲಿನಷ್ಟು ತೆಳ್ಳಗಿನ ತಂತಿ. ಒಂದೇ ಸಣ್ಣ ಕಾಲುವೆಯಲ್ಲಿ ಇಬ್ಬರು ನೀರು ಹಾಯಿಸಿದರೆ, ಪಕ್ಕದವನು ತೂಬು ಎತ್ತಿದಾಗಲೆಲ್ಲಾ ನಮ್ಮ ಹೊಲದ ನೀರು ಏರಿಳಿಯುತ್ತದೆ. ಪರದೆ ಎಳೆಯುವ ವಿದ್ಯುತ್ತಿನ ಏರಿಳಿತವೂ ಹಾಗೆಯೇ ಸದ್ದಿನೊಳಗೆ ನುಗ್ಗುತ್ತಿತ್ತು. ನಮ್ಮ ದೇವಾಲಯದಲ್ಲಿ ಕೀಬೋರ್ಡನ್ನೂ ಮೈಕ್ ಸೆಟ್ಟನ್ನೂ ಬೇರೆ ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿದಾಗ ಗುಂಯ್ಯೆನ್ನುತ್ತದಲ್ಲಾ, ಅದೂ ಗ್ರೌಂಡಿನದೇ ತಂಟೆ. ಗಾಯನ ತಂಡದವರು ಗಮನಿಸಬೇಕು. ವಿದ್ಯುತ್ ಹೊರಡುವ ಮೂಲದಿಂದಲೇ ಆಂಪ್ಲಿಫೈಯರಿಗೆ ಒಂದು ದಪ್ಪ ಗ್ರೌಂಡ್ ತಂತಿಯನ್ನು ಪ್ರತ್ಯೇಕವಾಗಿ ಎಳೆದು, ಅದರ ಬಾಗಿಲಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಕೂರಿಸಿದೆವು. ಜಿರ್ರೆನ್ನುವುದು ಪೂರ್ತಿ ಹೋಗಲಿಲ್ಲ, ಕಿವಿಗೊಟ್ಟರೆ ಈಗಲೂ ಕೇಳುತ್ತದೆ. ಅಷ್ಟು ಸಾಕು.

"ಮನೇಲೇ ಇಂಥದ್ದೆಲ್ಲಾ ಮಾಡಕಾಯ್ತದಾ ಸ್ವಾಮಿ?" ಎಂದು ಅಪ್ಪ ಕೇಳಿದರು. ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದನ್ನು ಹೇಳಿದೆವು. ಆಕಾಶವಾಣಿ ಎಂಬ ಹೆಸರು ಆ ನಿಲಯದ್ದೇ. ಅವರು ಅಟ್ಟಣೆಗೆ ಒಯ್ಯುವ ತಮ್ಮ ರೇಡಿಯೋವನ್ನೊಮ್ಮೆ ನೋಡಿದರು, ಡಬ್ಬಿಯನ್ನೊಮ್ಮೆ ನೋಡಿದರು. ಅಂಥ ದೊಡ್ಡ ಮಾತಿಗೆ ಈ ಡಬ್ಬಿ ಸಮವೇ ಎಂದು ನಮಗೇ ಸ್ವಲ್ಪ ನಾಚಿಕೆಯಾಯಿತು. ಹುಡುಗನಿಗೂ ಒಂದು ಮಾತು ಹೇಳಿದೆವು: ಕಂಪನಿಗಳ ಹಳೆಯ ಗೇಮುಗಳನ್ನು ಕದ್ದು ತುಂಬಬೇಡ, ಮಾಡಿದವರೇ ಉಚಿತವಾಗಿ ಕೊಟ್ಟಿರುವ ಗೇಮುಗಳಿವೆ, ಅವನ್ನು ಹಾಕಿಕೋ. ತಲೆಯಾಡಿಸಿದ. ಎಷ್ಟು ಪಾಲಿಸುತ್ತಾನೋ ಕಾಣೆವು.

ಅಪ್ಪ ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಆಡಲು ಬಾರದೆ, ಸದ್ದಿನ ಗುಂಡಿಯನ್ನಷ್ಟೇ ಹಿಂದೆ ಮುಂದೆ ತಿರುಗಿಸಿದರು. ಕರಕರ ಎಂದಿತು. "ಇಲ್ಲೂ ಏನೋ ಅದ ಕನ, ನೋಡು," ಎಂದು ಮಗನಿಗೆ ಕೊಟ್ಟರು. ನಾವು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ, ಬಾಕಿ ಉಳಿದ ಎರಡು ವಿಷಯಕ್ಕೆ ಪರೀಕ್ಷೆ ಫೀಸು ಎಷ್ಟು, ಕಟ್ಟಲು ಕೊನೆಯ ದಿನ ಯಾವುದು ಎಂದು ಅವರು ವಿಚಾರಿಸುತ್ತಿದ್ದುದು ಕಿವಿಗೆ ಬಿತ್ತು.